ಜಿಜ್ಞಾಸೆ, ಗುರಿ ಮತ್ತು ಅವಧಾನ

ಲೋಕದಲ್ಲಿ ಸುಖವನ್ನು ಬಯಸದ ಜೀವಿಯಿಲ್ಲ. ಆದರೆ ಸುಖವೆಂದರೇನು, ಅದು ಎಲ್ಲಿಂದ ಬರುತ್ತದೆ ಎಂದು ಕುಳಿತು ಯೋಚಿಸಿದವರು ವಿರಳ. ಹೊಟ್ಟೆಗೆ ಅನ್ನ, ಮೈಗೆ ಆರೋಗ್ಯ, ಮನೆಯಲ್ಲಿ ಮಕ್ಕಳು ಮರಿ, ಇವಿಷ್ಟಿದ್ದರೆ ಸುಖವು ತಾನಾಗಿಯೇ ಬಂದು ನೆಲಸುವುದೆಂಬುದು ಸಾಮಾನ್ಯವಾದ ನಂಬಿಕೆ. ಇವಿಷ್ಟೂ ಇದ್ದು ನೆಮ್ಮದಿಯಿಲ್ಲದವರನ್ನು ನಾವು ಪ್ರತಿದಿನವೂ ಕಾಣುತ್ತೇವೆ. ಕೆಲವೊಮ್ಮೆ ಕನ್ನಡಿಯಲ್ಲಿಯೇ ಕಾಣುತ್ತೇವೆ.

ಈ ಮಾತನ್ನು ಸ್ವಾನುಭವದಿಂದಲೇ ಬರೆಯುತ್ತಿದ್ದೇನೆ. ನೌಕರಿಯ ನಿಮಿತ್ತ ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದು, ಪ್ರತಾಪ ನಗರದಲ್ಲಿ ಮನೆ ಮಾಡಿಕೊಂಡು, ಇಲ್ಲಿಯೇ ನಿವೃತ್ತನಾದವನು ನಾನು. ನಿವೃತ್ತಿಯ ನಂತರ ದಿನಕ್ಕೆ ಇಷ್ಟೊಂದು ಗಂಟೆಗಳಿವೆಯೆಂಬುದು ಮೊದಲ ಬಾರಿ ತಿಳಿಯಿತು. ಸ್ನಾನ, ಸಂಧ್ಯಾವಂದನೆ, ಪೂಜೆ ಎಲ್ಲವೂ ನಡೆಯುತ್ತಿದ್ದವು. ಮನಸ್ಸು ಮಾತ್ರ ಯಾವುದರಲ್ಲಿಯೂ ಇರಲಿಲ್ಲ. ಒಂದು ದಿನ ನೈವೇದ್ಯದ ಸಮಯದಲ್ಲಿ ವಾಡಿಕೆಯಂತೆ ದ್ವಾದಶಸ್ತೋತ್ರವನ್ನು ಹೇಳುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಎಂಟು ವರ್ಷದ ಮೊಮ್ಮಗ, "ಅಜ್ಜಾ, ಈಗ ಅಂದ್ಯಲ್ಲಾ, ಆ ಮಾತಿನ ಅರ್ಥ ಏನು?" ಎಂದು ಕೇಳಿದ. "ಪೂಜೆಯ ನಡುವೆ ಮಾತನಾಡಬಾರದು" ಎಂದು ಗದರಿಸಿದೆ. ಊಟವಾದ ಮೇಲೆ ಮನಸ್ಸು ಚುಚ್ಚಿ ಅವನನ್ನು ಕರೆದು, ಯಾವ ಮಾತು ಎಂದು ವಿಚಾರಿಸಿದೆ. "ಏನೂ ಇಲ್ಲ ಅಜ್ಜಾ" ಎಂದವನೇ ಆಟಕ್ಕೆ ಓಡಿಹೋದ.

ಅಂದಿನಿಂದ ನನ್ನನ್ನು ಕಾಡಿದ್ದು ಹುಡುಗನ ಪ್ರಶ್ನೆಯಲ್ಲ. ಅವನು ಕೇಳಿದ್ದು ಯಾವ ಶಬ್ದವನ್ನು ಎಂಬುದೇ ನನಗೆ ತಿಳಿದಿರಲಿಲ್ಲ. ನಾಲಗೆ ಸ್ತೋತ್ರವನ್ನು ಹೇಳುತ್ತಿದ್ದಾಗ ಮನಸ್ಸು ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿತ್ತು. ನಲವತ್ತು ವರ್ಷ ಹೇಳಿದ ಸ್ತೋತ್ರದ ಅರ್ಥವನ್ನು ತಿಳಿಯಬೇಕೆಂಬ ಹಂಬಲ ನನಗೆ ಹುಟ್ಟಿರಲಿಲ್ಲ. ಏಕೆ ಹೇಳುತ್ತಿದ್ದೇನೆಂಬುದು ಮರೆತುಹೋಗಿತ್ತು. ಹೇಳುವಾಗ ಎಚ್ಚರವೂ ಇರಲಿಲ್ಲ. ಜಿಜ್ಞಾಸೆ, ಗುರಿ, ಅವಧಾನ ಈ ಮೂರೂ ಒಂದೇ ಗಳಿಗೆಯಲ್ಲಿ ನನ್ನ ಕೈಬಿಟ್ಟಿದ್ದವು. ಮನುಷ್ಯನ ನೆಮ್ಮದಿಗೆ ಈ ಮೂರಕ್ಕೂ ಇರುವ ಸಂಬಂಧವನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಾಗಪುರದಿಂದ ಸುಮಾರು ೭೦ ಕಿಲೋಮೀಟರು ದೂರದಲ್ಲಿ, ವರ್ಧೆಯ ಸಮೀಪ, ಧಾಮ ನದಿಯ ದಡದಲ್ಲಿ ಪವನಾರ ಎಂಬ ಗ್ರಾಮವಿದೆ. ಆಚಾರ್ಯ ವಿನೋಬಾ ಭಾವೆಯವರು ೧೯೩೮ರಲ್ಲಿ ಅಲ್ಲಿ ನೆಲಸಿ, ೧೯೮೨ರ ನವೆಂಬರ್ ೧೫ರಂದು ಅಲ್ಲಿಯೇ ದೇಹವಿಟ್ಟರು. ಅವರ ಭೂದಾನವನ್ನು ಬಲ್ಲವರು ಬಹಳ. ಅವರ ತಾಯಿ ರುಕ್ಮಿಣೀಬಾಯಿಯವರು ಕರ್ನಾಟಕದ ಮೂಲದವರೆಂಬುದನ್ನು ಬಲ್ಲವರು ಕಡಿಮೆ. ಹೆಚ್ಚಿನ ವಿದ್ಯಾಭ್ಯಾಸವಿಲ್ಲದ, ದೈವಭಕ್ತಿಯುಳ್ಳ ಆ ಗೃಹಿಣಿಯ ಜೀವನದಲ್ಲಿ ನಡೆದ ಎರಡು ಸಣ್ಣ ಪ್ರಸಂಗಗಳನ್ನು ವಿನೋಬಾರವರು ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ನಮ್ಮ ವಿಷಯಕ್ಕೆ ಆ ಎರಡೂ ದೀಪಗಳಂತಿವೆ.

ಮೊದಲನೆಯದು ಗೀತೆಗೆ ಸಂಬಂಧಿಸಿದ್ದು. ಆಕೆ ಗೀತಾಪ್ರವಚನವನ್ನು ಕೇಳಲು ಹೋಗುತ್ತಿದ್ದರು. ಸಂಸ್ಕೃತ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಿದ್ದರೂ ಪುಣ್ಯ ಬರುತ್ತದೆಂದು ಸುಮ್ಮನೆ ಕುಳಿತುಕೊಳ್ಳಬಹುದಾಗಿತ್ತು. ಅನೇಕರು ಹಾಗೆಯೇ ಮಾಡುತ್ತಾರೆ. ಆಕೆ ಮಗನನ್ನು ಕರೆದು ಮರಾಠಿಯ ಗೀತೆಯೊಂದನ್ನು ತಂದುಕೊಡಲು ಹೇಳಿದರು. ಮಗ ತಂದುಕೊಟ್ಟ ಅನುವಾದವೂ ಕಠಿಣವಾಗಿ ತೋರಿತು. ಹಾಗಾದರೆ ನೀನೇ ಏಕೆ ತಿಳಿಯಾದ ಮರಾಠಿಯಲ್ಲಿ ಬರೆಯಬಾರದು ಎಂದು ಆ ತಾಯಿ ಕೇಳಿದರು. ೧೯೧೮ರಲ್ಲಿ ರುಕ್ಮಿಣೀಬಾಯಿ ತೀರಿಕೊಂಡರು. ಆ ಪ್ರಶ್ನೆ ತೀರಿಕೊಳ್ಳಲಿಲ್ಲ. ಹನ್ನೆರಡು ವರ್ಷಗಳ ನಂತರ, ೧೯೩೦-೩೧ರಲ್ಲಿ, ವಿನೋಬಾರವರು ಗೀತೆಯನ್ನು ಸರಳವಾದ ಮರಾಠಿ ಪದ್ಯಗಳಲ್ಲಿ ರಚಿಸಿ ಅದಕ್ಕೆ 'ಗೀತಾಈ' ಎಂದು ಹೆಸರಿಟ್ಟರು. 'ಆಈ' ಎಂದರೆ ಮರಾಠಿಯಲ್ಲಿ ತಾಯಿ. ಹೀಗೆ ತಾಯಿಯ ಜಿಜ್ಞಾಸೆ ಮಗನಿಗೆ ಗುರಿಯಾಯಿತು.

ಎರಡನೆಯ ಪ್ರಸಂಗವು ಇನ್ನೂ ಸಣ್ಣದು. ರುಕ್ಮಿಣೀಬಾಯಿಯವರು ದೇವರಿಗೆ ಲಕ್ಷ ಅಕ್ಕಿಕಾಳುಗಳನ್ನು ಅರ್ಪಿಸುವ ವ್ರತ ಹಿಡಿದಿದ್ದರು. ಪ್ರತಿದಿನವೂ ಕುಳಿತು ಒಂದೊಂದೇ ಕಾಳನ್ನು ಎಣಿಸುತ್ತಿದ್ದರು. ಪತಿ ನರಹರಿ ಭಾವೆಯವರು ವೈಜ್ಞಾನಿಕ ಮನೋಭಾವದವರು. ಒಂದು ತೊಲೆಯಲ್ಲಿ ಎಷ್ಟು ಕಾಳುಗಳಿವೆಯೆಂದು ಎಣಿಸಿ, ಲಕ್ಷಕ್ಕೆ ಎಷ್ಟು ತೊಲೆಯಾಗುವುದೆಂದು ಲೆಕ್ಕ ಹಾಕಿ, ಕಡಿಮೆಯಾಗದಿರಲೆಂದು ಅರ್ಧ ತೊಲೆ ಹೆಚ್ಚಿಗೆ ಸೇರಿಸಿದರೆ ಕೆಲಸ ಮುಗಿಯುವುದಲ್ಲ ಎಂದರು. ಆಕೆಗೆ ಉತ್ತರ ತೋಚಲಿಲ್ಲ, ಮಗನನ್ನು ಕೇಳಿದರು. ಇದು ಬರಿಯ ಗಣಿತವಲ್ಲ, ಒಂದೊಂದು ಕಾಳನ್ನು ಎಣಿಸುವಾಗಲೂ ಮನಸ್ಸು ಭಗವಂತನಲ್ಲಿರುತ್ತದೆ ಎಂಬ ಅರ್ಥದ ಮಾತನ್ನು ಮಗ ಹೇಳಿದ. ನಮ್ಮ ಮನೆಗಳಲ್ಲಿ ಲಕ್ಷಬತ್ತಿಗಾಗಿ ಹತ್ತಿ ಹೊಸೆಯುವ ಹೆಂಗಸರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಬತ್ತಿಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಹೊಸೆಯುವಾಗಿನ ಮನಸ್ಸು ಸಿಗುವುದಿಲ್ಲ. ಇದಕ್ಕೇ ಅವಧಾನವೆಂದು ಹೆಸರು.

ಪ್ರತಾಪ ನಗರದ ನಿವಾಸಿಗಳಾದ ನಮಗೆ ವಿನೋಬಾರವರ ಸಂಬಂಧ ಇನ್ನೂ ಹತ್ತಿರದ್ದು. ನಾವು ಪೇಟೆಗೋ ರೈಲ್ವೆ ನಿಲ್ದಾಣಕ್ಕೋ ಹೋಗುವಾಗ ವರ್ಧಾ ರಸ್ತೆಯ ಪಕ್ಕದಲ್ಲಿ ನಾಗಪುರದ ಕೇಂದ್ರ ಕಾರಾಗೃಹವಿದೆ. ೧೯೨೩ರ ಧ್ವಜ ಸತ್ಯಾಗ್ರಹದಲ್ಲಿ ಅವರು ನಾಗಪುರ ಮತ್ತು ಅಕೋಲಾ ಕಾರಾಗೃಹಗಳಲ್ಲಿದ್ದರು; ೧೯೪೦-೪೧ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ ಮೂರು ಬಾರಿ ಮತ್ತೆ ನಾಗಪುರದ ಸೆರೆವಾಸವನ್ನು ಅನುಭವಿಸಿದರು. ಅದೇ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಡಾ. ನಾ. ಸು. ಹರ್ಡೀಕರರ ನೇತೃತ್ವದಲ್ಲಿ ಸೇವಾ ಮಂಡಲದ ಕಾರ್ಯಕರ್ತರು ಬಂದಿದ್ದರು. ಸೆರೆಯಲ್ಲಿ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಆ ದೃಢತೆ ದೇಶದ ಗಮನ ಸೆಳೆದು, ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಗೆ ಕಾರಣವಾಯಿತು. ಸಹಿ ಹಾಕಿದ್ದರೆ ಊರಿಗೆ ಮರಳಿ ಸುಖವಾಗಿ ಇರಬಹುದಾಗಿತ್ತು. ಆದರೆ ತಾವು ಬಂದ ಕಾರಣವನ್ನು ಅವರು ಮರೆತಿರಲಿಲ್ಲ. ಗುರಿಯುಳ್ಳವನಿಗೆ ಕಷ್ಟವು ತಪ್ಪುವುದಿಲ್ಲ. ಕಷ್ಟಕ್ಕೆ ಅರ್ಥವು ದೊರಕುತ್ತದೆ.

ಸೆರೆಮನೆಯಲ್ಲಿ ಹೊರಗಿನ ಸುಖಗಳೆಲ್ಲವೂ ಕಡಿದುಹೋಗುತ್ತವೆ. ಒಳಗೆ ಉಳಿಯುವುದೇನೆಂಬುದು ಅಲ್ಲಿಯೇ ಪರೀಕ್ಷೆಯಾಗಬೇಕು. ವಿನೋಬಾರವರು ೧೯೩೨ರಲ್ಲಿ ಧುಳೆಯ ಕಾರಾಗೃಹದಲ್ಲಿ ಭಾನುವಾರಗಳಂದು ಸಹಬಂದಿಗಳಿಗೆ ಗೀತೆಯ ಒಂದೊಂದು ಅಧ್ಯಾಯವನ್ನು ವಿವರಿಸಿದರು. ಸಾನೆ ಗುರೂಜಿಯವರು ಅದನ್ನು ಬರೆದುಕೊಂಡರು. ೧೯೪೨ರ ಚಳವಳಿಯ ನಂತರ ವೆಲ್ಲೂರಿನ ಸೆರೆಯಲ್ಲಿದ್ದಾಗ ದಕ್ಷಿಣದ ನಾಲ್ಕು ಭಾಷೆಗಳನ್ನು ಕಲಿತರು. ಅವುಗಳಲ್ಲಿ ತಾಯಿಯ ನಾಡಿನ ಕನ್ನಡವೂ ಒಂದು. ಬಂಧನದಲ್ಲಿಯೂ ಕಲಿಯುವ ಹಂಬಲ ಬತ್ತದಿದ್ದವನಿಗೆ ದಿನಗಳು ಭಾರವಾಗಲಿಲ್ಲ. ಗೋಡೆಯ ಹೊರಗೆ ಸ್ವತಂತ್ರನಾಗಿ ಕುಳಿತಿದ್ದ ನನಗೆ ಮಧ್ಯಾಹ್ನಗಳು ಭಾರವಾಗಿದ್ದವು.

ಇಂದಿನ ಮನಶ್ಶಾಸ್ತ್ರವೂ ಬೇರೆ ದಾರಿಯಿಂದ ಈ ವಿಷಯಕ್ಕೆ ಬಂದಿದೆ. ೨೦೧೦ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ೨,೨೫೦ ಜನರನ್ನು ಫೋನಿನ ಮೂಲಕ ಆಗಾಗ ವಿಚಾರಿಸಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎಚ್ಚರವಿರುವ ವೇಳೆಯಲ್ಲಿ ಸುಮಾರು ಶೇಕಡಾ ೪೭ ಭಾಗ ಜನರ ಮನಸ್ಸು ಮಾಡುತ್ತಿರುವ ಕೆಲಸದಲ್ಲಿರುವುದಿಲ್ಲವೆಂದೂ, ಹಾಗೆ ಅಲೆಯುವ ಮನಸ್ಸು ಕೆಲಸದಲ್ಲಿ ನಿಂತ ಮನಸ್ಸಿಗಿಂತ ಕಡಿಮೆ ಸುಖಿಯೆಂದೂ ಅವರು ಕಂಡರು. ೨೦೧೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಆರು ಸಾವಿರಕ್ಕೂ ಹೆಚ್ಚು ಜನರನ್ನು ೧೪ ವರ್ಷಗಳ ಕಾಲ ಗಮನಿಸಿತು. ಜೀವನಕ್ಕೆ ಗುರಿಯಿದೆಯೆಂದು ಭಾವಿಸಿದವರಲ್ಲಿ ಆ ಅವಧಿಯ ಮರಣದ ಸಂಭವ ಕಡಿಮೆಯಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಂಶೋಧಕರು, ತಿಳಿಯುವ ಕುತೂಹಲ ಕೆರಳಿದಾಗ ಬೇಕಾದ ಉತ್ತರ ಮಾತ್ರವಲ್ಲದೆ ಆ ಹೊತ್ತಿನಲ್ಲಿ ಎದುರಾದ ಸಂಬಂಧವಿಲ್ಲದ ಸಂಗತಿಗಳೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತವೆಂದು ತೋರಿಸಿದರು. ಇವುಗಳಿಂದ ಕಾರಣ ಕಾರ್ಯ ಸಂಬಂಧವು ಪೂರ್ಣವಾಗಿ ಸಿದ್ಧವಾಯಿತೆಂದು ಹೇಳಲಾಗದು. ಆರೋಗ್ಯವಂತನಿಗೆ ಗುರಿಯಿರುವುದು ಸುಲಭವೆಂದೂ ವಾದಿಸಬಹುದು. ಆದರೂ ಅನುಭವ ಹೇಳುವುದನ್ನೇ ಈ ಲೆಕ್ಕಗಳೂ ಹೇಳುತ್ತಿವೆಯೆಂಬುದು ಗಮನಾರ್ಹ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳಿ ನಂತರವೇ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಗಳ ಪದ್ಧತಿಯಾದ್ದರಿಂದ ಅದನ್ನು ಮುಚ್ಚಿಡಬಾರದು. ಕುತೂಹಲವೇ ಸುಖದ ಮೂಲವಾದರೆ, ನೆರೆಮನೆಯ ಸುದ್ದಿಗೆ ಕಿವಿಗೊಡುವವನೂ, ಹಗಲಿರುಳು ಮೊಬೈಲಿನಲ್ಲಿ ಬೆರಳಾಡಿಸುವವನೂ ಪರಮಸುಖಿಗಳಾಗಬೇಕಲ್ಲವೇ? ಗುರಿಯೇ ಸಾಕೆಂದರೆ, ಹಣವೊಂದನ್ನೇ ಗುರಿಮಾಡಿಕೊಂಡವನಿಗೆ ಏನು ಕೊರತೆ? ಅವಧಾನವೇ ಎಲ್ಲವೆಂದರೆ, ಕನ್ನ ಹಾಕುವ ಕಳ್ಳನಿಗಿಂತ ಎಚ್ಚರವುಳ್ಳವನು ಯಾರು?

ಆಕ್ಷೇಪವು ನ್ಯಾಯವಾದದ್ದು. ಸಮಾಧಾನವಿಷ್ಟೆ: ಈ ಮೂರೂ ಒಂದನ್ನೊಂದು ಕಾಯಬೇಕು. ಗುರಿಯಿಲ್ಲದ ಕುತೂಹಲ ಚಾಪಲ್ಯವಾಗುತ್ತದೆ. ಅದು ನೂರು ಬಾಗಿಲುಗಳಲ್ಲಿ ಇಣುಕಿ ಒಂದು ಮನೆಯನ್ನೂ ಪ್ರವೇಶಿಸುವುದಿಲ್ಲ. ಜಿಜ್ಞಾಸೆಯಿಲ್ಲದ ಗುರಿ ಹಟವಾಗುತ್ತದೆ. ತಾನು ಹಿಡಿದದ್ದು ಸರಿಯೋ ತಪ್ಪೋ ಎಂದು ಅದು ಎಂದೂ ಕೇಳಿಕೊಳ್ಳುವುದಿಲ್ಲ. ಅವೆರಡೂ ಇಲ್ಲದ ಅವಧಾನವು ತನ್ನ ಉಸಿರನ್ನೂ ತನ್ನ ಸೌಖ್ಯವನ್ನೂ ಮಾತ್ರ ನೋಡುತ್ತ ಕುಳಿತು ಪಕ್ಕದಲ್ಲಿರುವವನ ನೋವನ್ನು ಮರೆಯುತ್ತದೆ. ಗೀತೆಯ ಕ್ರಮವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ತತ್ತ್ವವನ್ನು ತಿಳಿಯಲು ನಮಸ್ಕಾರ, ಪರಿಪ್ರಶ್ನೆ, ಸೇವೆ ಮೂರೂ ಬೇಕೆಂದು ಭಗವಂತನು ಹೇಳುತ್ತಾನೆ. ಪ್ರಶ್ನೆ ಕೇಳುವುದು ಅಲ್ಲಿ ಅವಿನಯವಲ್ಲ, ಸಾಧನೆಯ ಅಂಗ. ಕೊನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಹೇಳಿದ ಮೇಲೆ, ಏಕಾಗ್ರಮನಸ್ಸಿನಿಂದ ಕೇಳಿದೆಯಾ ಎಂದು ಅರ್ಜುನನನ್ನು ಅವನೇ ಪ್ರಶ್ನಿಸುತ್ತಾನೆ. ಶಿಷ್ಯನ ಜಿಜ್ಞಾಸೆಯಿಂದ ಹೊರಟ ಉಪದೇಶವು ಅವಧಾನದ ವಿಚಾರಣೆಯಲ್ಲಿ ಮುಗಿದು, ಕರ್ತವ್ಯದಲ್ಲಿ ಫಲಿಸುತ್ತದೆ.

ಗುರಿಯಿದ್ದವನಿಗೆ ಯಶಸ್ಸು ಸಿಕ್ಕೇ ಸಿಗುವುದೆಂದೂ ಭ್ರಮಿಸಬಾರದು. ೧೯೫೧ರ ಏಪ್ರಿಲ್ ೧೮ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಆರಂಭವಾದ ಭೂದಾನಕ್ಕಾಗಿ ವಿನೋಬಾರವರು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿದರು. ದಾನವಾಗಿ ಬಂದ ಭೂಮಿಯಲ್ಲಿ ಎಷ್ಟೋ ಭಾಗ ಸಾಗುವಳಿಗೆ ಬಾರದ್ದು. ಎಷ್ಟೋ ಭಾಗ ಬಡವರ ಕೈಸೇರಲೇ ಇಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಆ ಜೀವನದ ಬೆಲೆ ಕಡಿಮೆಯಾಗುವುದಿಲ್ಲ. ಫಲವು ನಮ್ಮ ವಶದಲ್ಲಿಲ್ಲ. ಹೆಜ್ಜೆಯು ನಮ್ಮ ವಶದಲ್ಲಿದೆ. ನೆಮ್ಮದಿಯನ್ನು ಫಲದಲ್ಲಿ ಇಟ್ಟವನು ಕಾಯುತ್ತಲೇ ಇರಬೇಕು. ಹೆಜ್ಜೆಯಲ್ಲಿ ಇಟ್ಟವನಿಗೆ ಅದು ಇಂದೇ ಲಭ್ಯ.

ವಯಸ್ಸಾದವರು ಹೊಸದಾಗಿ ಏನು ಗುರಿಯಿಟ್ಟುಕೊಳ್ಳಬೇಕೆಂದು ನನ್ನಂಥ ನಿವೃತ್ತರು ಕೇಳಬಹುದು. ದೊಡ್ಡ ಗುರಿಯೇ ಆಗಬೇಕೆಂದಿಲ್ಲ. ದಿನಕ್ಕೊಂದು ವಿಷಯವನ್ನು ಕೇಳಿ ತಿಳಿಯುವುದು, ಒಬ್ಬರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಹಿಡಿಯುವುದು, ಆ ಕೆಲಸ ಮಾಡುವಾಗ ಮನಸ್ಸನ್ನು ಅಲ್ಲಿಯೇ ಇಡುವುದು, ಇಷ್ಟು ಸಾಕು. ಅರ್ಥ ತಿಳಿಯದೆ ಹೇಳಿದ ಸ್ತೋತ್ರ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬೀಜವನ್ನು ಕೈಯಲ್ಲಿ ಹಿಡಿದುಕೊಂಡಿದ್ದು ಸುಳ್ಳಲ್ಲ, ಬಿತ್ತುವುದು ಬಾಕಿಯಿತ್ತು.

ನನ್ನ ಮಟ್ಟಿಗೆ ಅದು ಹೀಗೆ ಆರಂಭವಾಯಿತು. ಕಪಾಟಿನಲ್ಲಿ ವರ್ಷಗಳಿಂದ ಮಲಗಿದ್ದ ಅರ್ಥಸಹಿತವಾದ ಸ್ತೋತ್ರಪುಸ್ತಕವನ್ನು ತೆಗೆದು ದಿನಕ್ಕೆ ಒಂದು ಶ್ಲೋಕದಂತೆ ಓದತೊಡಗಿದೆ. ಮೊಮ್ಮಗನನ್ನು ಕರೆಯಲಿಲ್ಲ; ಕರೆಯುವ ಅಧಿಕಾರವನ್ನು ನಾನೇ ಕಳೆದುಕೊಂಡಿದ್ದೆ. ತಿಂಗಳು ಕಳೆದಿರಬಹುದು. ಒಂದು ಸಂಜೆ ಅವನಾಗಿಯೇ ಬಂದು ಪಕ್ಕದಲ್ಲಿ ಕುಳಿತು, ಪುಸ್ತಕದ ಮೇಲೆ ಬೆರಳಿಟ್ಟು, "ಇದರ ಅರ್ಥ ಏನು ಅಜ್ಜಾ?" ಎಂದ. ನಾನು ಇನ್ನೂ ಆ ಶ್ಲೋಕಕ್ಕೆ ಬಂದಿರಲಿಲ್ಲ. "ನನಗೂ ಗೊತ್ತಿಲ್ಲಪ್ಪ, ಇಬ್ಬರೂ ಕೂಡಿ ನೋಡೋಣ ಬಾ" ಎಂದೆ. ಆ ಮಾತನ್ನು ಹೇಳಲು ನನಗೆ ಎಪ್ಪತ್ತು ವರ್ಷಗಳು ಬೇಕಾದವು.

ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳುವ ಮಕ್ಕಳಿಗೂ, ಗೊತ್ತಿಲ್ಲವೆಂದು ಒಪ್ಪುವ ಹಿರಿಯರಿಗೂ ಕೊರತೆಯಾಗದಿರಲಿ.

ಶ್ರೀಕೃಷ್ಣಾರ್ಪಣಮಸ್ತು.