ಪಕ್ಕದಲ್ಲಿ ಕೂತವರ ಸರದಿ

ಹೆಣ್ಣುಮಕ್ಕಳಿಗೆ ಬುದ್ಧಿ ತಿಳಿದಾಗಿನಿಂದ ಒಂದೇ ಪಾಠ: "ಸ್ವಲ್ಪ ಹೊಂದಿಕೊಂಡು ಹೋಗಮ್ಮ." ನನ್ನಮ್ಮ ನನಗೆ ಹೇಳಿದರು, ನಾನು ನನ್ನ ಮಗಳಿಗೆ ಹೇಳಿದೆ. ಆ ಮಾತು ಸರಿಯೋ ತಪ್ಪೋ ಎಂದು ಯೋಚಿಸಿದ್ದು ಮಾತ್ರ ಅರವತ್ತು ದಾಟಿದ ಮೇಲೆ. ಹಾಗೆ ಯೋಚಿಸುವಂತೆ ಮಾಡಿದ್ದು ಮಕ್ಕಳ ಒಂದು ಬೇಸಿಗೆ ಶಿಬಿರ.

ಅರಕಲಗೂಡಿನಲ್ಲಿ ಸಂಗೀತ ಹೇಳಿಕೊಡುವ ಹೆಂಗಸೊಬ್ಬರು ರಜೆಯಲ್ಲಿ ಹತ್ತು ದಿನ ತಮ್ಮ ಮನೆಯಲ್ಲೇ ಮಕ್ಕಳನ್ನು ಸೇರಿಸುತ್ತಾರೆ. ಹಾಸನ, ಹೊಳೆನರಸೀಪುರಗಳಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳೂ ಇರುತ್ತಾರೆ. ಚನ್ನರಾಯಪಟ್ಟಣದ ನನ್ನ ಮೊಮ್ಮಗಳು ರಜೆಗೆಂದು ಹಾಸನದ ನಮ್ಮ ಮನೆಗೆ ಬಂದಿದ್ದಳು. ಹದಿಮೂರು ವರ್ಷ, ಪಿಟೀಲು ಕಲಿಯುತ್ತಾಳೆ. ಅವಳನ್ನು ದಿನಾ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಹಾಡುವ ಪಾಠವಲ್ಲ. ಹಾಡುವವರೊಬ್ಬರು, ಪಿಟೀಲಿನವರೊಬ್ಬರು, ಮೃದಂಗದವರೊಬ್ಬರು, ಹೀಗೆ ಮೂವರಿಗೆ ಒಂದು ಕೋಣೆ. ಮೈಕಿಲ್ಲ. ಹತ್ತು ದಿನಕ್ಕೆ ಒಂದೇ ಕೃತಿ. ಅದನ್ನು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಬೇಕು. ಪಶ್ಚಿಮದವರಲ್ಲೂ ಇಂಥ ಕೋಣೆಯ ಸಂಗೀತವುಂಟು, ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲೊ. ಮುಂದೆ ನಿಂತು ಕೋಲು ಆಡಿಸುವವರು ಇಲ್ಲ, ಕಿವಿಯೇ ಗತಿ. ಅಮೆರಿಕದ ಮಾರ್ಲ್‌ಬರೊ ಎಂಬ ಊರಿನಲ್ಲಿ 1951ರಲ್ಲಿ ಶುರುವಾದ ಬೇಸಿಗೆ ಸಂಗೀತಕೂಟದಲ್ಲಿ ಹೆಸರಾಂತ ಹಿರಿಯರೂ ಎಳೆಯರೂ ಒಂದೇ ಗುಂಪಿನಲ್ಲಿ ಕೂತು ಅಭ್ಯಾಸ ಮಾಡುತ್ತಾರೆ.

ನಾಲ್ಕನೆಯ ದಿನ ಬಸ್ಸಿನಲ್ಲಿ ಪುಟ್ಟಿ ಮುಖ ಊದಿಸಿಕೊಂಡು, "ಅಜ್ಜಿ, ನಾಳೆಯಿಂದ ನಾನು ಹೋಗಲ್ಲ" ಎಂದಳು. ಅವಳ ಗುಂಪಿನಲ್ಲಿ ಹಾಡುವ ಹುಡುಗನದು ಒಳ್ಳೆಯ ಕಂಠ, ಆದರೆ ಬಲು ಅವಸರ. ಅವನ ಆಲಾಪನೆ ಮುಗಿದು ಇವಳ ಸರದಿ ಬಂದರೆ, ಇವಳು ನಾಲ್ಕು ಸಲ ಕಮಾನು ಎಳೆಯುವಷ್ಟರಲ್ಲಿ ಕೃತಿ ಎತ್ತಿಕೊಂಡುಬಿಡುತ್ತಾನಂತೆ. ನನ್ನ ಬಾಯಿಂದ ತಾನಾಗಿ ಬಂತು: "ಸ್ವಲ್ಪ ಹೊಂದಿಕೊಂಡು ಹೋಗು ಪುಟ್ಟಿ."

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನನಗೆ ನನ್ನದೇ ನೆನಪಾಯಿತು. ಹೊಳೆನರಸೀಪುರದ ತೌರಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದೆ. ಮದುವೆಯಾಗಿ ಹಾಸನಕ್ಕೆ ಬಂದಾಗ ತಂಬೂರಿಯೂ ಜೊತೆಗೆ ಬಂತು. ಬೆಳಿಗ್ಗೆ ತಿಂಡಿಯ ಗಡಿಬಿಡಿ, ಮಧ್ಯಾಹ್ನ ಅತ್ತೆಯವರು ಮಲಗುವ ಹೊತ್ತು, ಸಂಜೆ ಮಾವನವರು ರೇಡಿಯೋ ವಾರ್ತೆ ಕೇಳುವ ಹೊತ್ತು. ಹಾಡಬೇಡ ಎಂದು ಯಾರೂ ಅನ್ನಲಿಲ್ಲ. ಹಾಡುವ ಹೊತ್ತೇ ಉಳಿಯಲಿಲ್ಲ. ಅಮ್ಮನ ಹತ್ತಿರ ಹೇಳಿಕೊಂಡಾಗ ಬಂದ ಉತ್ತರವೂ ಇದೇ. ಹೊಂದಿಕೊಂಡೆ. ತಂಬೂರಿ ಅಟ್ಟ ಸೇರಿತು.

ಮಾರನೆಯ ದಿನ ಟೀಚರಿಗೆ ವಿಷಯ ತಿಳಿಸಿದೆ. ಅವರು ನಕ್ಕು, "ಪಕ್ಕವಾದ್ಯ ಅಂದರೇ ಹೊಂದಿಕೊಳ್ಳೋದು ಅಮ್ಮ. ಆದರೆ ಅದು ಅರ್ಧ ಪಾಠ" ಎಂದರು. ಹಾಡುವವರ ಆಲಾಪನೆಯನ್ನು ಪಿಟೀಲು ನೆರಳಿನಂತೆ ಹಿಂಬಾಲಿಸುತ್ತದೆ, ನಿಜ. ಆಮೇಲೆ ಹಾಡುವವರು ಸುಮ್ಮನಾಗಬೇಕು, ಪಿಟೀಲು ತನ್ನ ಮಾತನ್ನು ಹೇಳಬೇಕು. ಹಾಡುವವರಿಗಿಂತ ಮೊಟಕಾಗಿ ಹೇಳುವುದು ಮರ್ಯಾದೆ, ಆದರೆ ಸರದಿ ತಪ್ಪುವಂತಿಲ್ಲ. ಮೃದಂಗದ ತನಿ ಆವರ್ತನ ಬಂದಾಗಲಂತೂ ಕಛೇರಿ ಯಾರ ಹೆಸರಿನಲ್ಲಿದೆಯೋ ಅವರೇ ತೊಡೆಯ ಮೇಲೆ ತಾಳ ಹಾಕುತ್ತಾ ಕೂರಬೇಕು.

ಅವತ್ತು ಅವರು ಆ ಹುಡುಗನಿಗೆ ಗದರಲಿಲ್ಲ. "ಕೃತಿ ಎತ್ತಿಕೊಳ್ಳೋ ಮುಂಚೆ ಅವಳು ಕೊನೆಗೆ ನುಡಿಸಿದ ಸಂಚಾರವನ್ನು ಒಂದು ಸಲ ಹಾಡಿ ತೋರಿಸು" ಎಂದರು, ಅಷ್ಟೆ. ಕೇಳಿಸಿಕೊಳ್ಳದೆ ಹಾಡಿ ತೋರಿಸುವುದು ಹೇಗೆ? ಎರಡೇ ದಿನದಲ್ಲಿ ಅವಸರ ಇಳಿಯಿತು.

ಭಾನುವಾರ ಮಕ್ಕಳನ್ನೆಲ್ಲ ಅದೇ ತಾಲ್ಲೂಕಿನ ರುದ್ರಪಟ್ಟಣಕ್ಕೆ ಕರೆದೊಯ್ದರು. ಕಾವೇರಿ ದಡದ ಆ ಪುಟ್ಟ ಊರು ಎಷ್ಟು ಸಂಗೀತಗಾರರನ್ನು ಕೊಟ್ಟಿದೆ! ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಮಂದಿರವೇ ಎದ್ದಿದೆ. ಟೀಚರು ಹೊಳೆಯ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರ ವಿಷಯ ಹೇಳಿದರು. ಅವರಿಗೆ ಪಾಠ ಹೇಳಿದವರಲ್ಲಿ ಅಣ್ಣ ವೆಂಕಟರಾಮ ಶಾಸ್ತ್ರಿಗಳೂ ಒಬ್ಬರು. ಅವರು ಪಿಟೀಲು ವಿದ್ವಾಂಸರು. ಪಕ್ಕದಲ್ಲಿ ಕೂರುವವರು ಕಡಿಮೆಯವರಲ್ಲ ಎನ್ನುವುದಕ್ಕೆ ಇನ್ನೇನು ಬೇಕು ಎಂದು ಪುಟ್ಟಿ ನನ್ನ ಕಡೆ ನೋಡಿದಳು.

ಆದರೆ ಪುಟ್ಟಿಗೂ ಒಂದು ಪಾಠ ಕಾದಿತ್ತು. ಅವಳ ಗುಂಪಿನಲ್ಲಿ ಮೃದಂಗ ನುಡಿಸುವವಳು ಮಾತೇ ಆಡದ ಹುಡುಗಿ. ಆ ಮಗುವಿನ ತನಿ ಬಂದಾಗ ಇವಳು ಪಿಟೀಲಿನ ಬಿರಡೆ ತಿರುಗಿಸುತ್ತಾ ಆ ಹುಡುಗನ ಜೊತೆ ಪಿಸುಗುಟ್ಟುತ್ತಿದ್ದಳು. ಟೀಚರು ನೋಡಿ, "ನಿನ್ನ ಸರದಿ ಕೇಳೋಕೆ ಅಜ್ಜೀನ ಕಳಿಸಿದೆ. ಈ ಮಗು ಯಾರನ್ನ ಕಳಿಸಬೇಕು?" ಎಂದರು. ಪುಟ್ಟಿಯ ಮುಖ ಕೆಂಪಾಯಿತು.

ಲಯವಾದ್ಯದ ಹೆಣ್ಣುಮಕ್ಕಳ ಕಷ್ಟ ಹಳೆಯದು. ಘಟ ನುಡಿಸುವ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಹೆಣ್ಣೆಂಬ ಕಾರಣಕ್ಕೇ ಜೊತೆಗೆ ನುಡಿಸಲು ಒಲ್ಲೆನೆಂದವರನ್ನು ಕಂಡವರು. ಅವರು ಹೊಂದಿಕೊಂಡು ಸುಮ್ಮನಾಗಲಿಲ್ಲ. 1995ರಲ್ಲಿ 'ಸ್ತ್ರೀ ತಾಳ ತರಂಗ' ಎಂಬ ಮಹಿಳೆಯರದೇ ತಂಡ ಕಟ್ಟಿದರು.

ಹಾಗಾದರೆ ಮನೆಯಲ್ಲೂ ನಾವು ಸರದಿಯ ಲೆಕ್ಕ ಇಡಬೇಕೇ ಎಂದು ನೀವು ಕೇಳಬಹುದು. ಜ್ವರದಲ್ಲಿ ಮಲಗಿದ ಮಗುವಿನ ಹತ್ತಿರ, ಹಾಸಿಗೆ ಹಿಡಿದ ಅತ್ತೆಯ ಹತ್ತಿರ ಯಾರೂ ಸರದಿ ಕೇಳುವುದಿಲ್ಲ, ಕೇಳಲೂಬಾರದು. ಆದರೆ ಮೂವತ್ತು ವರ್ಷ ಇಳಿಯದ ಜ್ವರ ಯಾವ ಮನೆಯಲ್ಲೂ ಇರುವುದಿಲ್ಲ. ಹೊಂದಿಕೊಳ್ಳುವುದು ದೊಡ್ಡ ಗುಣವೆಂದು ನಾನು ಈಗಲೂ ನಂಬುತ್ತೇನೆ. ಅದಿಲ್ಲದಿದ್ದರೆ ಕಛೇರಿಯೂ ಇಲ್ಲ, ಸಂಸಾರವೂ ಇಲ್ಲ. ಆದರೆ ಆ ಗುಣ ಒಬ್ಬರಲ್ಲೇ ಇರಬೇಕೆಂದಾಗ ಅದು ಗುಣವಾಗಿ ಉಳಿಯದು, ಅಪ್ಪಣೆಯಾಗುತ್ತದೆ. ಇನ್ನು ಮೇಲೆ ಯಾವ ಹುಡುಗಿಗಾದರೂ ಆ ಮಾತು ಹೇಳುವ ಮುಂಚೆ, ಇವಳ ಸರದಿ ಬಂದಾಗ ತಾಳ ಹಾಕುವವರು ಯಾರಿದ್ದಾರೆ ಎಂದು ಕೇಳಿಕೊಳ್ಳಬೇಕೆಂದಿದ್ದೇನೆ.

ಕೊನೆಯ ದಿನ ಟೀಚರ ಮನೆಯ ಹಜಾರದಲ್ಲಿ ಮಕ್ಕಳ ಕಛೇರಿ. ಬಂದವರಿಗೆ ಕಾಫಿ ಕೊಡುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡಿದ್ದೆ. ಪುಟ್ಟಿಯ ಆಲಾಪನೆ ಚೆನ್ನಾಗಿ ಆಯಿತು. ಕಣ್ಣು ತುಂಬಿಕೊಂಡು ಕೇಳಿದೆ. ತನಿ ಶುರುವಾಗುತ್ತಿದ್ದಂತೆ, ಹಾಲು ಕಾಯಿಸಲು ಇದೇ ಸಮಯವೆಂದು ಎದ್ದುಬಿಟ್ಟೆ. ಸುತ್ತಲೂ ಇನ್ನಿಬ್ಬರು ಮೂವರು ಏಳುತ್ತಿದ್ದರು. ತನಿ ಬಂತೆಂದರೆ ಎದ್ದುಹೋಗುವುದು ನಮ್ಮ ಸಭೆಗಳ ಹಳೆಯ ಚಾಳಿಯಲ್ಲವೆ? ಬಾಗಿಲ ಹತ್ತಿರ ತಿರುಗಿ ನೋಡಿದರೆ ಮೃದಂಗದ ಹುಡುಗಿಯ ಕಣ್ಣು ನಮ್ಮ ಮೇಲೇ ಇತ್ತು. ಪಕ್ಕದಲ್ಲಿ ಪುಟ್ಟಿ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ತಾಳ ಹಾಕುತ್ತಿದ್ದಳು.

ವಾಪಸು ಬಂದು ಕೂತೆ. ತಾಳ ಹಾಕಿದೆ.

ಕಾಫಿ ಹತ್ತು ನಿಮಿಷ ತಡವಾಯಿತು. ಯಾರೂ ಏನೂ ಅನ್ನಲಿಲ್ಲ.