ಬಾಗಿಲು ತೆರೆದಿದ್ದರೆ ಸಾಕೇ?



ವಿದ್ಯೆಗಾಗಿ ಊರು ಬಿಡುವುದು ನಮಗೆ ಹೊಸತಲ್ಲ. ಜಾಬಿರ್ ಬಿನ್ ಅಬ್ದುಲ್ಲಾ(ರ)ರವರು ಒಂದೇ ಒಂದು ಹದೀಸನ್ನು, ಅದನ್ನು ಪ್ರವಾದಿವರ್ಯರಿಂದ(ಸ) ನೇರವಾಗಿ ಕೇಳಿದ್ದವರ ಬಾಯಿಂದಲೇ ಕೇಳಬೇಕೆಂದು ಒಂಟೆಯೊಂದನ್ನು ಖರೀದಿಸಿ, ಒಂದು ತಿಂಗಳ ದಾರಿ ಕ್ರಮಿಸಿ ಸಿರಿಯಾಕ್ಕೆ ಹೋದರು. ಇಂದು ನಮ್ಮ ಮಕ್ಕಳು ಜರ್ಮನಿ, ಬ್ರಿಟನ್, ಮಲೇಷ್ಯಾಗಳ ವಿಶ್ವವಿದ್ಯಾನಿಲಯಗಳತ್ತ ನೋಡುತ್ತಿದ್ದಾರೆ. ಸಂತೋಷದ ವಿಷಯವೇ. ಆದರೆ ಅವರನ್ನು ಕಳುಹಿಸುವವರು, ಅವರಿಗೆ ವಿದ್ಯಾರ್ಥಿವೇತನ ನೀಡುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹೋಗುವವರು ಯಾರು? ಹಂಬಲವಿದ್ದೂ ಉಳಿದುಬಿಡುವವರು ಯಾರು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: “ಬಾಗಿಲು ಎಲ್ಲರಿಗೂ ತೆರೆದಿದೆ. ನಿಯಮ ಎಲ್ಲರಿಗೂ ಒಂದೇ. ಹಣವು ನಮ್ಮ ಕೈಯಲ್ಲಿರುವ ಅಮಾನತ್. ಅದು ಸೀಮಿತವಾಗಿರುವುದರಿಂದ, ಯಾರಿಂದ ಹೆಚ್ಚು ಪ್ರಯೋಜನವಾದೀತೋ ಅವರಿಗೇ ಕೊಡಬೇಕು.” ಇದು ತಳ್ಳಿಹಾಕುವಂತಹ ಮಾತಲ್ಲ. ದಾನಿಗಳ ಹಣವನ್ನು ಪೋಲು ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ವಾದವನ್ನು ಪವಿತ್ರ ಕುರ್‌ಆನಿನ ಬೆಳಕಿನಲ್ಲಿ ಒಮ್ಮೆ ತೂಗಿ ನೋಡೋಣ.

‘ಅಬಸ’ ಅಧ್ಯಾಯದ ಹಿನ್ನೆಲೆ ನಿಮಗೆ ತಿಳಿದದ್ದೇ. ಮಕ್ಕಾದಲ್ಲಿ ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಂದಿಗೆ ಮಾತನಾಡುತ್ತಿದ್ದರು. ಆಗ ಅಂಧರಾದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅಲ್ಲಿಗೆ ಬಂದು ತನಗೆ ಕಲಿಸಿಕೊಡಿರೆಂದು ಕೇಳಿದರು. ಪ್ರವಾದಿವರ್ಯರಿಗೆ(ಸ) ಅದು ಇಷ್ಟವಾಗಲಿಲ್ಲ, ಮುಖ ತಿರುಗಿಸಿದರು. ಇದಕ್ಕೆ ಅಹಂಕಾರ ಕಾರಣವಾಗಿರಲಿಲ್ಲ. ಈ ಮುಖಂಡರು ಒಪ್ಪಿದರೆ ಅವರ ಹಿಂದೆ ಇಡೀ ಗೋತ್ರಗಳೇ ಬರಬಹುದೆಂಬ ಸದಾಶಯವೇ ಅದರ ಹಿಂದಿತ್ತು. ಗಮನಿಸಿ ಓದುಗರೇ, ‘ಹೆಚ್ಚು ಪ್ರಯೋಜನ’ದ ವಾದವನ್ನು ಇದಕ್ಕಿಂತ ನಿಷ್ಕಳಂಕ ಹೃದಯವು ಎಂದೂ ಮುಂದಿಟ್ಟಿರಲಾರದು. ಆದರೂ ಅಲ್ಲಾಹನು ಅದನ್ನು ತಿದ್ದಿದನು. ತನಗೇನೂ ಬೇಕಿಲ್ಲವೆಂಬವನ ಬೆನ್ನು ಹತ್ತಿ, ಹಂಬಲಿಸಿ ಓಡಿ ಬಂದವನನ್ನು ಕಡೆಗಣಿಸುವುದು ಸರಿಯಲ್ಲವೆಂದು ಎಚ್ಚರಿಸಿದನು.

ಮುಂದೇನಾಯಿತೆಂಬುದೂ ಮುಖ್ಯ. ಹಿಜ್ರತ್‌ಗೆ ಮುಂಚೆ ಮದೀನಾಕ್ಕೆ ತೆರಳಿ ಅಲ್ಲಿನ ಜನರಿಗೆ ಕುರ್‌ಆನ್ ಕಲಿಸಿದ ಮೊದಲಿಗರು ಇಬ್ಬರು. ಒಬ್ಬರು ಮುಸ್‌ಅಬ್ ಬಿನ್ ಉಮೈರ್(ರ), ಇನ್ನೊಬ್ಬರು ಇದೇ ಅಂಧ ಸಹಾಬಿ. ನಂತರ ಪ್ರವಾದಿವರ್ಯರು(ಸ) ಯುದ್ಧಗಳಿಗೆ ಹೊರಟಾಗ ಹಲವು ಬಾರಿ ಮದೀನಾದ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಯಾರಿಂದ ಪ್ರಯೋಜನವೆಂಬ ನಮ್ಮ ಲೆಕ್ಕಾಚಾರ ಎಷ್ಟು ಮೊಟಕಾದುದೆಂದು ತಿಳಿಯಲು ಇನ್ನೇನು ಬೇಕು?

ಇದೇ ಪಾಠವನ್ನು ಕಳೆದ ಶತಮಾನದ ಈಜಿಪ್ಟಿನಲ್ಲೂ ಕಾಣಬಹುದು. 1889ರಲ್ಲಿ ಹಳ್ಳಿಯೊಂದರಲ್ಲಿ ಜನಿಸಿದ ತ್ವಾಹಾ ಹುಸೈನ್, ಕಣ್ಣಿನ ಕಾಯಿಲೆಗೆ ಸರಿಯಾದ ಚಿಕಿತ್ಸೆ ಸಿಗದೆ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡರು. ಅಲ್‌ಅಝ್‌ಹರ್‌ನಲ್ಲಿ ಕಲಿತು, ಬಳಿಕ ಕೈರೋದ ಹೊಸ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದು ವಿದ್ಯಾರ್ಥಿಗಳನ್ನು ಯುರೋಪಿಗೆ ಕಳುಹಿಸುತ್ತಿತ್ತು. ಇವರೂ ಅರ್ಜಿ ಹಾಕಿದರು. ಅದಕ್ಕೆ ಪ್ರೌಢಶಾಲೆಯ ಪ್ರಮಾಣಪತ್ರ ಬೇಕಿತ್ತು. ಮದ್ರಸದಲ್ಲಿ ಕಲಿತವನಿಗೆ ಅದೆಲ್ಲಿಂದ ಬರಬೇಕು? ಮೇಲಾಗಿ ಕಣ್ಣಿಲ್ಲ. ಮೊದಲು ಅವಕಾಶ ಸಿಗಲಿಲ್ಲ. ಅವರು ಫ್ರೆಂಚ್ ಕಲಿತು ಮತ್ತೆ ಅರ್ಜಿ ಹಾಕಿದರು. ಕೊನೆಗೆ 1914ರಲ್ಲಿ ಆ ವಿಶ್ವವಿದ್ಯಾನಿಲಯದ ಪ್ರಥಮ ಡಾಕ್ಟರೇಟ್ ಪಡೆದ ನಂತರವೇ ಅವರನ್ನು ಫ್ರಾನ್ಸಿಗೆ ಕಳುಹಿಸಲಾಯಿತು. ಪ್ರಮಾಣಪತ್ರದ ನಿಯಮ ಎಲ್ಲರಿಗೂ ಒಂದೇ ಆಗಿತ್ತು, ನಿಜ. ಆದರೆ ಅದು ಒಬ್ಬನಿಗೆ ಹೊಸ್ತಿಲಾಗಿದ್ದರೆ ಇನ್ನೊಬ್ಬನಿಗೆ ಗೋಡೆಯಾಗಿತ್ತು.

ಫ್ರಾನ್ಸ್ ತಲುಪಿದ ಮಾತ್ರಕ್ಕೆ ಎಲ್ಲವೂ ಸುಲಭವಾಗಲಿಲ್ಲ. ಅಂಧನಿಗೆ ಪುಸ್ತಕ ಓದಿ ಹೇಳುವವರು ಬೇಕು. ಆ ಕೆಲಸ ಮಾಡಿದ ಸುಝಾನ್ ಎಂಬಾಕೆ ನಂತರ ಅವರ ಪತ್ನಿಯಾದರು. ತ್ವಾಹಾ ಹುಸೈನರ ಹಲವು ಅಭಿಪ್ರಾಯಗಳನ್ನು, ಮುಖ್ಯವಾಗಿ 1926ರಲ್ಲಿ ಅವರು ಬರೆದ ಕೃತಿಯನ್ನು ವಿದ್ವಾಂಸರು ಬಲವಾಗಿ ಖಂಡಿಸಿದ್ದಾರೆ. ಅದು ಬೇರೆಯೇ ಚರ್ಚೆ. ಆದರೆ 1950ರಲ್ಲಿ ಶಿಕ್ಷಣ ಸಚಿವರಾದಾಗ, ಪ್ರೌಢ ಶಿಕ್ಷಣವನ್ನು ಬಡಮಕ್ಕಳಿಗೂ ಉಚಿತವಾಗಿಸಿದವರು ಅವರೇ.

ತೆರೆದ ಬಾಗಿಲೊಂದೇ ಸಾಲದೆಂಬುದನ್ನು ನಮ್ಮ ಪೂರ್ವಿಕರು ಅರಿತಿದ್ದರು. ಅಲ್‌ಅಝ್‌ಹರ್‌ನಲ್ಲಿ ದೂರದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ‘ರಿವಾಕ್’ಗಳಿದ್ದವು. ಮಗ್‌ರಿಬ್‌ನವರಿಗೆ, ತುರ್ಕಿಯವರಿಗೆ, ಸಿರಿಯಾದವರಿಗೆ, ಇಥಿಯೋಪಿಯಾದ ಕಡೆಯ ಜಬರ್ತಿಗಳಿಗೆ ಪ್ರತ್ಯೇಕ ವಾಸದ ನೆಲೆಗಳು. ವಕ್ಫ್ ಆದಾಯದಿಂದ ಅವರಿಗೆ ರೊಟ್ಟಿ ಸಿಗುತ್ತಿತ್ತು. ಅಂಧ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಏರ್ಪಾಡಿತ್ತು. ಪ್ರಖ್ಯಾತ ಇತಿಹಾಸಕಾರ ಅಬ್ದುರ್ರಹ್ಮಾನ್ ಅಲ್‌ಜಬರ್ತಿ ಅಂತಹ ವಲಸೆ ವಿದ್ಯಾರ್ಥಿಗಳ ವಂಶದವರು.

ನಮ್ಮ ನಾಡಿನ ಸ್ಥಿತಿ ಹೇಗಿದೆ? ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿದೇಶದಲ್ಲಿ ಕಲಿಯಲು ಪಡೆದ ಸಾಲದ ಬಡ್ಡಿಯನ್ನು ಭರಿಸುವ ‘ಪಢೋ ಪರ್‌ದೇಶ್’ ಯೋಜನೆಯನ್ನು ಕೇಂದ್ರ ಸರಕಾರವು 2013–14ರಲ್ಲಿ ಆರಂಭಿಸಿ, 2022–23ರಿಂದ ನಿಲ್ಲಿಸಿತು. ಅದು ನಿಂತದ್ದು ನಷ್ಟವೇ. ಆದರೆ ಅದು ಇದ್ದಾಗಲೂ ಬಡ್ಡಿಯ ನೆರವು ಸಿಗುತ್ತಿದ್ದುದು ಸಾಲ ಸಿಕ್ಕವನಿಗೆ. ಸಾಲ ಸಿಗಲು ಪ್ರವೇಶಪತ್ರ ಬೇಕು, ಪ್ರವೇಶಪತ್ರಕ್ಕೆ ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಅರ್ಜಿ ಶುಲ್ಕ, ತರಬೇತಿ ಬೇಕು. ಅಲ್ಲದೆ ಇವುಗಳ ಬಗ್ಗೆ ತಿಳಿಸಿ ಹೇಳುವವರೊಬ್ಬರು ಮನೆಯಲ್ಲೋ ನೆರೆಯಲ್ಲೋ ಇರಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತ ಬೀಡಿ ಕಾರ್ಮಿಕಳ ಮಗ ಈ ಮೊದಲ ಮೆಟ್ಟಿಲಲ್ಲೇ ಹಿಂದಿರುಗುತ್ತಾನೆ. ಅವನು ಅರ್ಜಿಯನ್ನೇ ಹಾಕದಿರುವುದರಿಂದ ತಿರಸ್ಕೃತರ ಪಟ್ಟಿಯಲ್ಲೂ ಅವನ ಹೆಸರಿರುವುದಿಲ್ಲ!

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಹ್ರಮ್ ಇಲ್ಲದೆ ದೂರ ಪ್ರಯಾಣ ಮಾಡುವ ಕುರಿತು ಫುಕಹಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಯಾವ ಅಭಿಪ್ರಾಯವನ್ನೇ ಅನುಸರಿಸಿರಿ, ಆದರೆ ಒಂದು ಮಾತು. ಜೊತೆಗೊಬ್ಬರು ಬೇಕೆಂಬುದು ನಿಮ್ಮ ನಿಲುವಾದರೆ ಜೊತೆಗಾರರ ಖರ್ಚನ್ನೂ ವಿದ್ಯಾರ್ಥಿವೇತನದ ಲೆಕ್ಕಕ್ಕೆ ಸೇರಿಸಿರಿ. ಸುರಕ್ಷಿತ ವಸತಿ ಸಾಕೆಂಬುದು ನಿಮ್ಮ ನಿಲುವಾದರೆ ಆ ವಸತಿಯನ್ನು ನೀವೇ ಹುಡುಕಿಕೊಡಿರಿ. ಶರತ್ತನ್ನು ಮಾತ್ರ ಅವಳ ಮೇಲೆ ಹೊರಿಸಿ, ಅದನ್ನು ಪೂರೈಸುವ ಹೊಣೆಯಿಂದ ನುಣುಚಿಕೊಳ್ಳುವುದು ಧರ್ಮನಿಷ್ಠೆಯಲ್ಲ.

ಇಲ್ಲೊಂದು ಆಕ್ಷೇಪವೂ ಏಳಬಹುದು. ಸಿದ್ಧತೆಯಿಲ್ಲದವನನ್ನು ಕರುಣೆಯಿಂದ ಕಳುಹಿಸಿ, ಅವನು ಪರದೇಶದಲ್ಲಿ ಸೋತು ಸಾಲದೊಂದಿಗೆ ಹಿಂದಿರುಗಿದರೆ? ಅದೂ ಅನ್ಯಾಯವೇ. ಆದ್ದರಿಂದ ಮಟ್ಟವನ್ನು ಇಳಿಸಿರೆಂದು ನಾನು ಹೇಳುತ್ತಿಲ್ಲ. ಆ ಮಟ್ಟಕ್ಕೆ ಏರುವ ಮೆಟ್ಟಿಲನ್ನು ಕಟ್ಟಿರಿ, ಏರಿದ ಮೇಲೂ ಕೈ ಬಿಡದಿರಿ ಎಂದಷ್ಟೇ ಹೇಳುತ್ತಿದ್ದೇನೆ. ಅಂಕಪಟ್ಟಿಯನ್ನು ನೋಡುವಾಗ ಆ ಮಗು ನಿಂತ ಸ್ಥಳದ ಜೊತೆಗೆ ಅದು ಹೊರಟು ಬಂದ ಸ್ಥಳವನ್ನೂ ನೋಡಿರಿ. ಟ್ಯೂಷನ್‌ಗಳ ನೆರವಿನಿಂದ ಪಡೆದ 90 ಅಂಕ, ಅಂಗಡಿಯಲ್ಲಿ ದುಡಿಯುತ್ತಾ ಪಡೆದ 75 ಅಂಕ, ಇವೆರಡರಲ್ಲಿ ಹೆಚ್ಚಿನ ಹಂಬಲ ಯಾವುದರಲ್ಲಿದೆಯೆಂದು ಪ್ರಾಮಾಣಿಕವಾಗಿ ಯೋಚಿಸಿರಿ.

ಪ್ರತಿ ಜುಮಾ ಖುತ್ಬಾದ ಕೊನೆಯಲ್ಲಿ ನ್ಯಾಯ ಮತ್ತು ಇಹ್ಸಾನ್ ಪಾಲಿಸಲು ಆದೇಶಿಸುವ ವಚನವನ್ನು ನಾವು ಕೇಳುತ್ತೇವೆ. ಅಲ್ಲಾಹನು ಆ ಎರಡನ್ನೂ ಒಟ್ಟಿಗೇ ಇಟ್ಟಿದ್ದಾನೆ. ಎಲ್ಲರಿಗೂ ಒಂದೇ ಬಾಗಿಲನ್ನು ತೆರೆದಿಡುವುದು ನ್ಯಾಯದ ಆರಂಭ. ಬಾಗಿಲವರೆಗೆ ಬರಲಾಗದವನ ಮನೆಯನ್ನು ಹುಡುಕಿಕೊಂಡು ಹೋಗುವುದು ಇಹ್ಸಾನ್.

ಈ ವರ್ಷ ನಿಮ್ಮ ಜಮಾಅತ್‌ನಲ್ಲೋ ಸಂಸ್ಥೆಯಲ್ಲೋ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸಲು ಕುಳಿತಾಗ, ಮೇಜಿನ ಮೇಲಿರುವ ಅರ್ಜಿಗಳನ್ನು ನೋಡುವ ಮುನ್ನ ಒಂದು ಪ್ರಶ್ನೆ ಕೇಳಿರಿ: ಇಲ್ಲಿ ಯಾರ ಅರ್ಜಿ ಬಂದಿಲ್ಲ? ಕೋಲೂರಿಕೊಂಡು, ದಾರಿ ತಡವರಿಸುತ್ತಾ ನಮ್ಮ ಸಭೆಯತ್ತ ಬರುತ್ತಿರುವ ಒಬ್ಬ ಇಬ್ನ್ ಉಮ್ಮು ಮಕ್ತೂಮ್ ಇರಬಹುದು. ಅವರಿಂದ ಮುಖ ತಿರುಗಿಸುವ ದೌರ್ಭಾಗ್ಯದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.