ತಳಹದಿಯ ಹಣ

ಬಡವನಿಗೆ ಮನೆ ಕಟ್ಟಿಕೊಳ್ಳಲು ನೆರವಾಗುವುದು ರಾಜ್ಯದ ಧರ್ಮವೆಂಬುದನ್ನು ಅಲ್ಲಗಳೆಯುವವರು ಇಂದು ವಿರಳ. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಹುಟ್ಟಿತು; 2000ದಲ್ಲಿ ಈ ಕಾರ್ಯಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ಆದುದರಿಂದ ಕೊಡಬೇಕೆ ಬೇಡವೆ ಎಂಬ ಚರ್ಚೆ ಇಲ್ಲಿ ಅನವಶ್ಯಕ. ಕೊಡುವ ಕ್ರಮದಲ್ಲಿ ನ್ಯಾಯವುಂಟೆ ಎಂಬುದೇ ವಿಚಾರಣೀಯ.

ರಾಜ್ಯದ ಬಸವ ವಸತಿ ಯೋಜನೆಯಲ್ಲಿ ಮನೆಯಿಲ್ಲದವನನ್ನು ಗ್ರಾಮಸಭೆಯು ಆರಿಸುತ್ತದೆ. ಅವನು ತಳಪಾಯ ಹಾಕಿದ ಮೇಲೆ ಅದರ ಛಾಯಾಚಿತ್ರವನ್ನು ತೆಗೆದು, ಸ್ಥಳವನ್ನು ಯಂತ್ರದಿಂದ ಗುರುತಿಸಿದ ತರುವಾಯ ಮೊದಲನೆಯ ಕಂತು ಅವನ ಬ್ಯಾಂಕಿನ ಲೆಕ್ಕಕ್ಕೆ ಜಮೆಯಾಗತಕ್ಕದ್ದು. ಗೋಡೆ, ಛಾವಣಿಗಳ ಕಂತುಗಳಿಗೂ ಇದೇ ಕ್ರಮ. ಮೇಲ್ನೋಟಕ್ಕೆ ಇದು ನಿರ್ದುಷ್ಟವಾದುದೇ ಸರಿ. ಪ್ರಜೆಗಳು ತೆತ್ತ ಹಣವು ಕಾಗದದಲ್ಲಿ ಮಾತ್ರ ಎದ್ದ ಮನೆಗಳಿಗೆ ಹರಿದುಹೋಗಬಾರದಷ್ಟೆ.

ಆದರೆ ಆ ಮೊದಲ ತಳಪಾಯವು ಯಾರ ಹಣದಿಂದ ಏಳಬೇಕು? ಕಲ್ಲು, ಮರಳು, ಸಿಮೆಂಟು, ಗಾರೆಯವನ ಕೂಲಿ, ಇವಾವುವೂ ಮಂಜೂರಾತಿಯ ಪತ್ರವನ್ನು ಕಂಡು ಬರುವುವಲ್ಲ. ಎರಡು ಹಸುಗಳುಳ್ಳವನು ಒಂದನ್ನು ಮಾರಿ ಕೆಲಸ ತೊಡಗುತ್ತಾನೆ. ಏನೂ ಇಲ್ಲದವನು ಸಾಹುಕಾರನ ಜಗಲಿಗೆ ಹೋಗಬೇಕು. ಅಲ್ಲಿ ಸರಕಾರದ ನೆರವಿನ ಒಂದು ಭಾಗವು ಕೈಸೇರುವ ಮುನ್ನವೇ ಬಡ್ಡಿಯಾಗಿ ಕರಗುವುದು. ‘ಮನೆ ಕಟ್ಟಿ ನೋಡು’ ಎಂಬ ಗಾದೆ ಅನುಕೂಲಸ್ಥರನ್ನೇ ಎಚ್ಚರಿಸಲು ಹುಟ್ಟಿದುದು! ಎಲ್ಲರಿಗೂ ಒಂದೇ ನಿಯಮವೆಂಬ ಸಮತೆಯು ಹೀಗೆ ಅತ್ಯಂತ ಬಡವನನ್ನೇ ಹಿಂದಕ್ಕೆ ತಳ್ಳುತ್ತದೆ.

ದೊಡ್ಡ ಕಾಮಗಾರಿಯ ಗುತ್ತಿಗೆದಾರನಿಗೆ ಬ್ಯಾಂಕಿನ ಜಾಮೀನು ಪಡೆದು ಮುಂಗಡ ಕೊಡುವ ರೂಢಿ ಸರಕಾರಗಳಿಗೆ ಹೊಸತಲ್ಲ. ಬಡವನಿಗೆ ಜಾಮೀನು ನಿಲ್ಲುವವರಾರು? ಅವನನ್ನು ಹತ್ತು ಜನರ ಎದುರಿಗೆ ಆರಿಸಿದ ಗ್ರಾಮಸಭೆಯೇ ಏಕಾಗಬಾರದು? ಮುಂಗಡವು ಅಸಾಧ್ಯವೆನ್ನುವಂತೆಯೂ ಇಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಬಯಲುನಾಡಿನ ಮನೆಯೊಂದಕ್ಕೆ 1 ಲಕ್ಷ 20 ಸಾವಿರ ರೂಪಾಯಿಗಳನ್ನು ಗೊತ್ತುಮಾಡಿತು. ಕೇಂದ್ರ ಮತ್ತು ರಾಜ್ಯಗಳ ಪಾಲು 60ಕ್ಕೆ 40. ಮಂಜೂರಾದ ಒಂದು ವಾರದೊಳಗೆ ಮೊದಲ ಕಂತು ಸಲ್ಲಬೇಕೆಂಬುದು ಅದರ ಮಾರ್ಗಸೂಚಿ.

ಮುಂಗಡವನ್ನು ಉಂಡು ಕುಳಿತುಕೊಳ್ಳುವವರೂ ಇರುವರೆಂದು ಆಕ್ಷೇಪಿಸಬಹುದು. ಇರುವರು, ಸಂದೇಹವಿಲ್ಲ. ಆದರೆ ಎರಡು ನಷ್ಟಗಳನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಪೋಲಾದ ಮುಂಗಡವು ಲೆಕ್ಕಪರಿಶೋಧಕನ ಕಣ್ಣಿಗೆ ಬೀಳುತ್ತದೆ, ವಸೂಲಿಗೆ ದಾರಿಯುಂಟು. ತಳಪಾಯ ಹಾಕಲಾರದೆ ನಿಂತವನ ನಷ್ಟವು ಯಾವ ಲೆಕ್ಕದಲ್ಲಿಯೂ ಕಾಣದು. ಅವನ ಹೆಸರಿನ ಮುಂದೆ ‘ಕೆಲಸ ಆರಂಭಿಸಿಲ್ಲ’ ಎಂದಿಷ್ಟೇ ಬರೆದಿರುತ್ತದೆ, ತಪ್ಪು ಅವನದೇ ಎಂಬಂತೆ.